ಮಳೆಗಾಲದ ರಾತ್ರಿಗೆ ಯಾವ ‘ಮಿಷನ್’? ‘ಫಾಲ್‌ಔಟ್’ ಮತ್ತು ಅದರ ಅಣ್ಣತಮ್ಮಂದಿರು

ಜುಲೈ ತಿಂಗಳಲ್ಲಿ ಕೊಡಗಿನ ತೋಟದ ಮನೆಯಲ್ಲಿ ಕೂತು ಸಿನಿಮಾ ಆರಿಸುವವರು ಮೂರು ವಿಷಯ ಮೊದಲೇ ನೋಡಿಕೊಳ್ಳಬೇಕು. ಮಾಡು ಹೆಂಚಿನದೋ ಶೀಟಿನದೋ, ಇನ್ವರ್ಟರ್ ಬ್ಯಾಟರಿಗೆ ಎಷ್ಟು ವಯಸ್ಸಾಯಿತು, ನೋಡಲು ಕೂರುವವರಲ್ಲಿ ನಿವೃತ್ತ ಫೌಜಿಗಳು ಎಷ್ಟು ಮಂದಿ. ನಿರ್ದೇಶಕ ಯಾರು, ವಿಲನ್ ಯಾರು ಎಂಬುದೆಲ್ಲ ಆಮೇಲೆ.

ಟಾಮ್ ಕ್ರೂಸ್ ಗೂಢಚಾರ ಈಥನ್ ಹಂಟ್ ಆಗಿರುವ ‘ಮಿಷನ್: ಇಂಪಾಸಿಬಲ್’ ಸರಣಿಯಲ್ಲಿ 1996ರಿಂದ 2025ರವರೆಗೆ ಎಂಟು ಚಿತ್ರಗಳಿವೆ. ಎಲ್ಲದರಲ್ಲೂ ಅವನು ಓಡುತ್ತಾನೆ, ಎಲ್ಲದರಲ್ಲೂ ಎಲ್ಲಿಂದಲೋ ನೇತಾಡುತ್ತಾನೆ. ಹಾಗಂತ ಕೈಗೆ ಸಿಕ್ಕಿದ್ದನ್ನು ಹಾಕಿದರೆ ಅರ್ಧಕ್ಕೇ ಒಬ್ಬೊಬ್ಬರಾಗಿ ಎದ್ದು ಒಲೆಯ ಹತ್ತಿರ ಹೋಗಿ ಕೂರುತ್ತಾರೆ. ಒಳ್ಳೆಯದನ್ನು ಸುಮಾರಾದದ್ದರಿಂದ ಬೇರ್ಪಡಿಸಲು ನಮಗೆ ಒಂದು ಪ್ರಶ್ನೆ ಸಾಕು: ಹಾಕಿದ ಪ್ಲಾನ್ ಕೆಡುವುದು ನೋಡುವವರ ಕಣ್ಣೆದುರೇ, ಅವರಿಗೆ ತಿಳಿಯುವ ಕಾರಣಕ್ಕೇ ಕೆಡುತ್ತದೆಯೇ? ಕೈಗವಸು ಕೆಟ್ಟಿತು, ಹಗ್ಗ ಸಾಲಲಿಲ್ಲ, ಇಬ್ಬರು ಸೇರಿದರೂ ಎದುರಾಳಿ ಬೀಳಲಿಲ್ಲ — ಇಂಥವು ಇದ್ದಲ್ಲಿ ಚಿತ್ರ ಗೆಲ್ಲುತ್ತದೆ. ಪ್ಲಾನ್ ಏನು, ಯಾಕೆ ಕೆಟ್ಟಿತು ಎಂದು ಪಾತ್ರಗಳು ಕೂತು ಮಾತಾಡತೊಡಗಿದಲ್ಲಿ ಸೋಲುತ್ತದೆ. ಕೆಳಗೆ ಕಥೆಯ ಗುಟ್ಟುಗಳೂ ಬರುತ್ತವೆ, ‘ಫಾಲ್‌ಔಟ್’ನ ದೊಡ್ಡ ಗುಟ್ಟೂ ಸೇರಿ.

ಅವಸರದಲ್ಲಿರುವವರಿಗೆ

ಸರಣಿಯ ಒಂದನ್ನೂ ನೋಡದವರು, ಮಕ್ಕಳು, ಅಜ್ಜಿ ಎಲ್ಲ ಒಟ್ಟಿಗೆ ಇದ್ದರೆ ‘ಘೋಸ್ಟ್ ಪ್ರೊಟೊಕಾಲ್’ (2011). ಒಂದೆರಡು ನೋಡಿದವರು, ದೊಡ್ಡ ಪರದೆ, ಗಟ್ಟಿ ಸ್ಪೀಕರ್ ಇದ್ದರೆ ‘ಫಾಲ್‌ಔಟ್’ (2018). ಮಳೆ ಬಿಟ್ಟ ನಿಶ್ಶಬ್ದ ರಾತ್ರಿಗೆ 1996ರ ಮೊದಲ ಚಿತ್ರ. ಎರಡು ರಾತ್ರಿ ಬಿಡುವಿದ್ದರೆ ‘ರೋಗ್ ನೇಷನ್’ (2015) ಒಂದು ದಿನ, ‘ಫಾಲ್‌ಔಟ್’ ಮರುದಿನ. ಕೊನೆಯ ಎರಡನ್ನು ಮೊದಲ ಬಾರಿಗೆ ನೋಡುವವರ ಮುಂದೆ ಇಡಬೇಡಿ.

‘ಫಾಲ್‌ಔಟ್’ ಎಲ್ಲಿ ಗೆಲ್ಲುತ್ತದೆ

ಕ್ರಿಸ್ಟೊಫರ್ ಮೆಕ್ವಾರಿ ನಿರ್ದೇಶಿಸಿದ ಈ ಚಿತ್ರದ ಉದ್ದ 147 ನಿಮಿಷ. ಕಥೆಯ ಬೇರು ಮೊದಲ ಹತ್ತು ನಿಮಿಷಗಳಲ್ಲೇ ಇದೆ. ಬರ್ಲಿನ್‌ನಲ್ಲಿ ಮೂರು ಪ್ಲುಟೋನಿಯಂ ಗೋಲಗಳು ಈಥನ್‌ನ ಕೈಗೆ ಸಿಗುವಂತಿರುತ್ತವೆ. ಅಷ್ಟರಲ್ಲಿ ಗೆಳೆಯ ಲೂಥರ್‌ನ ತಲೆಗೆ ಪಿಸ್ತೂಲು. ಈಥನ್ ಗೆಳೆಯನನ್ನು ಉಳಿಸುತ್ತಾನೆ, ಗೋಲಗಳು ಕೈತಪ್ಪುತ್ತವೆ. ಮುಂದಿನ ಎರಡು ಗಂಟೆಯ ಓಟ, ಬೀಳು, ಹೊಡೆದಾಟ ಎಲ್ಲವೂ ಈ ಒಂದು ತೀರ್ಮಾನದ ಸಾಲ ತೀರಿಸುವ ಕೆಲಸ. ಸರಣಿಯ ಬೇರೆ ಚಿತ್ರಗಳಲ್ಲಿ ಸಾಹಸ ಮೊದಲು ಹುಟ್ಟಿ ಕಥೆ ಆಮೇಲೆ ಬಂದು ಅಂಟಿಕೊಂಡಂತೆ ಕಾಣುತ್ತದೆ. ಇಲ್ಲಿ ಆ ಅಂಟು ಕಾಣುವುದಿಲ್ಲ.

ಹತ್ತಿರದಿಂದ ನೋಡಬೇಕಾದ ದೃಶ್ಯ ಪ್ಯಾರಿಸ್‌ನ ಗ್ರ್ಯಾಂಡ್ ಪ್ಯಾಲೆಯ ಶೌಚಾಲಯದ ಹೊಡೆದಾಟ. ಬಿಳಿ ಗೋಡೆ, ಕನ್ನಡಿ, ಮೂರು ಜನ. ಹಿನ್ನೆಲೆ ಸಂಗೀತ ಹೆಚ್ಚೂಕಮ್ಮಿ ಇಲ್ಲ. ಪ್ಲಾನ್ ಬಹಳ ಸಣ್ಣದು: ಒಬ್ಬನಿಗೆ ಪ್ರಜ್ಞೆ ತಪ್ಪಿಸಿ, ಅವನ ಮುಖದ ಅಚ್ಚು ತೆಗೆದು, ಮುಖವಾಡ ಹಾಕಿಕೊಂಡು ಹೊರಡುವುದು. ಆದರೆ ಆ ಒಬ್ಬ (ಲಿಯಾಂಗ್ ಯಾಂಗ್ ಎಂಬ ಸಾಹಸ ಕಲಾವಿದ) ಈಥನ್ ಮತ್ತು ಅವನ ಜೊತೆ ಬಂದ ಸಿಐಎ ಏಜೆಂಟ್ ವಾಕರ್ ಇಬ್ಬರನ್ನೂ ಬಡಿದು ಹಾಕುತ್ತಾನೆ. ವಾಕರ್ ಆಗಿರುವ ಹೆನ್ರಿ ಕ್ಯಾವಿಲ್ ಕೋಟು ಕಳಚಿ, ಬಂದೂಕಿಗೆ ಗುಂಡು ತುಂಬುವವನಂತೆ ಎರಡೂ ತೋಳು ಜಾಡಿಸಿ ಮುಂದೆ ಬರುವ ಗಳಿಗೆಯಂತೂ ಸಿನಿಮಾಕ್ಕಿಂತ ಹೆಚ್ಚು ಹೆಸರು ಮಾಡಿತು. ಇಲ್ಲಿ ಗಮನಿಸಬೇಕಾದದ್ದು ಏಟಿನ ತೂಕ. ಕ್ಯಾಮೆರಾ ಸೊಂಟದೆತ್ತರದಲ್ಲಿ ನಿಂತು ಮೂವರ ಇಡೀ ದೇಹ ತೋರಿಸುತ್ತದೆ. ಯಾರು ಎಲ್ಲಿ ಬಿದ್ದ, ಯಾರ ಕೈಗೆ ನಲ್ಲಿಯ ಪೈಪು ಸಿಕ್ಕಿತು ಎಂಬ ಗೊಂದಲ ಒಂದು ಕ್ಷಣಕ್ಕೂ ಇಲ್ಲ. ಕೊನೆಗೆ ಗುಂಡು ಹಾರಿಸುವವಳು ಬ್ರಿಟಿಷ್ ಗೂಢಚಾರಿಣಿ ಇಲ್ಸಾ. ಅದು ಮುಖಕ್ಕೇ ಬಿದ್ದು ಮುಖವಾಡದ ಆಸೆಯೂ ಹೋಯಿತು. ಈಗ ಈಥನ್ ಸ್ವಂತ ಮುಖದಲ್ಲೇ ಹೋಗಿ ತಾನೇ ಆ ಮನುಷ್ಯ ಎಂದು ನಂಬಿಸಬೇಕು. ಪ್ಲಾನ್ ಕೆಡುವುದು ಅಂದರೆ ಹೀಗೆ.

ಇದಕ್ಕೆ ಸ್ವಲ್ಪ ಮುಂಚೆ ಬರುವುದು ವಿಮಾನದಿಂದ ಜಿಗಿತ. ಸುಮಾರು 25,000 ಅಡಿ ಎತ್ತರದಿಂದ ಆಮ್ಲಜನಕದ ಮಾಸ್ಕ್ ಹಾಕಿ ಹಾರಿ, ನೆಲ ಹತ್ತಿರ ಬಂದ ಮೇಲೆ ಪ್ಯಾರಾಚೂಟ್ ಬಿಚ್ಚುವ ‘ಹೇಲೊ’ ವಿಧಾನ. ತೆರೆಯ ಮೇಲೆ ಕಾಣುವ ಊರು ಪ್ಯಾರಿಸ್, ಚಿತ್ರೀಕರಣ ನಡೆದದ್ದು ಅಬುಧಾಬಿಯ ಆಕಾಶದಲ್ಲಿ. ಮುಸ್ಸಂಜೆಯ ಬೆಳಕು ದಿನಕ್ಕೆ ಮೂರೇ ನಿಮಿಷ ಸಿಗುತ್ತಿದ್ದುದರಿಂದ ದಿನಕ್ಕೊಂದೇ ಪ್ರಯತ್ನ. ಕ್ರೂಸ್ ಇದಕ್ಕಾಗಿ ನೂರಕ್ಕೂ ಹೆಚ್ಚು ಸಲ ಜಿಗಿದ. ಮುಖ ಕಾಣಲೆಂದೇ ಒಳಗೆ ದೀಪವಿರುವ ಹೆಲ್ಮೆಟ್ ಮಾಡಿಸಿದ್ದರು. ಆಗ್ರಾದ ಪ್ಯಾರಾಟ್ರೂಪರ್ಸ್ ಟ್ರೇನಿಂಗ್ ಸ್ಕೂಲ್‌ನಲ್ಲಿ ಜಿಗಿದು ಬಂದವರು ಯಾರಾದರೂ ಮನೆಯಲ್ಲಿದ್ದರೆ ಈ ಹೊತ್ತಿಗೆ ಅವರ ಕುರ್ಚಿ ಮುಂದಕ್ಕೆ ಸರಿದಿರುತ್ತದೆ. ಮಿಂಚು ಹೊಡೆದ ಮೇಲೆ ಅದೇ ಕುರ್ಚಿ ಸ್ವಲ್ಪ ಹಿಂದಕ್ಕೂ ಹೋಗಬಹುದು, ಅದು ಬೇರೆ ಮಾತು.

ಲಂಡನ್‌ನ ಮಾಳಿಗೆಗಳ ಮೇಲಿನ ಓಟದಲ್ಲಿ ಒಂದು ಕಟ್ಟಡದಿಂದ ಇನ್ನೊಂದಕ್ಕೆ ಹಾರುವ ಶಾಟ್ ಇದೆ. 2017ರ ಆಗಸ್ಟ್‌ನಲ್ಲಿ ಅದನ್ನು ತೆಗೆಯುವಾಗ ಗೋಡೆಗೆ ತಾಗಿ ಕ್ರೂಸ್‌ನ ಹಿಮ್ಮಡಿ ಗಂಟು ಮುರಿಯಿತು, ಚಿತ್ರೀಕರಣ ವಾರಗಟ್ಟಲೆ ನಿಂತಿತು. ಮುರಿದ ಕಾಲಲ್ಲೇ ಎದ್ದು ಕುಂಟುತ್ತಾ ಕ್ಯಾಮೆರಾ ದಾಟಿ ಹೋದ ಶಾಟನ್ನೇ ಚಿತ್ರದಲ್ಲಿ ಉಳಿಸಿದ್ದಾರೆ.

ಎಲ್ಲಿ ಜಾರುತ್ತದೆ

ಮೊದಲ ದೋಷ, ಇದು ಒಂಟಿಯಾಗಿ ನಿಲ್ಲುವುದಿಲ್ಲ. ಖಳನಾಯಕ ಸಾಲೊಮನ್ ಲೇನ್ ಯಾರು, ಇಲ್ಸಾ ಅವನನ್ನು ಕೊಲ್ಲಲು ಯಾಕೆ ಹಟ ಹಿಡಿದಿದ್ದಾಳೆ, ಇವೆಲ್ಲ ‘ರೋಗ್ ನೇಷನ್’ ನೋಡಿದವರಿಗೇ ಗೊತ್ತು. ಈಥನ್‌ನ ಮಾಜಿ ಹೆಂಡತಿ ಜೂಲಿಯಾ ಬಂದಾಗ ಗಂಟಲು ಕಟ್ಟಬೇಕಾದರೆ ಮೂರನೆಯ ಚಿತ್ರ ನೆನಪಿರಬೇಕು. ಹೊಸಬರಿಗೆ ಅವಳು ಯಾರೋ ಒಬ್ಬ ಡಾಕ್ಟರ್, ಅಷ್ಟೆ.

ಎರಡನೆಯದು ಗುಟ್ಟು. ವಾಕರ್ ಒಳಗಿನ ದ್ರೋಹಿ ಎಂದು ಚಿತ್ರ ಬಾಯಿಬಿಡುವ ಬಹಳ ಮೊದಲೇ, ಅಕ್ಕಿರೊಟ್ಟಿ ಬೇಯಿಸುತ್ತಾ ಅರ್ಧ ಕಣ್ಣಲ್ಲಿ ನೋಡುವವರಿಗೂ ತಿಳಿದುಹೋಗಿರುತ್ತದೆ. ಅವನ ಬಾಯಿಂದ ಅದನ್ನು ಹೊರಡಿಸುವ ಬಲೆ ಮಾತ್ರ ಚಂದ. ಈಥನ್‌ನ ತಂಡದ ಬೆಂಜಿ, ಲೇನ್‌ನ ಮುಖವಾಡ ಹಾಕಿ ಕೂರುವ ದೃಶ್ಯಕ್ಕೆ ಎಲ್ಲ ಮನ್ನಿಸಬಹುದು.

ಮೂರನೆಯದು ಕೊಡಗಿಗೇ ವಿಶೇಷ. ಕೊನೆಯ ಭಾಗ ನಡೆಯುವುದು ಸಿಯಾಚಿನ್ ಹೆಸರಿನ ಜಾಗದಲ್ಲಿ. ಹೆಲಿಕಾಪ್ಟರ್ ಬೆನ್ನಟ್ಟುವುದನ್ನು ತೆಗೆದದ್ದು ನ್ಯೂಜಿಲೆಂಡ್‌ನಲ್ಲಿ. ಕೊನೆಗೆ ನೇತಾಡುವ ಬಂಡೆ ನಾರ್ವೆಯ ಪ್ರೈಕೆಸ್ಟೋಲೆನ್, ಸಮುದ್ರದ ಕವಲಿನಿಂದ 604 ಮೀಟರ್ ಎತ್ತರ. ತೆರೆಯ ಮೇಲೆ ಹುಲ್ಲು ಬೆಳೆದ ಕಣಿವೆ, ಹಳ್ಳಿಮನೆಗಳು, ತೆಳ್ಳನೆ ಜಾಕೆಟ್ ಹಾಕಿ ಓಡಾಡುವ ಜನ. 1984ರಿಂದ ನಮ್ಮ ಸೈನ್ಯ ಕಾಯುತ್ತಿರುವ ನಿಜವಾದ ಸಿಯಾಚಿನ್ ಹಿಮದ ಮೇಲೆ ಊರಿಲ್ಲ, ಹುಲ್ಲಿಲ್ಲ. ಅಲ್ಲಿ ಪೋಸ್ಟಿಂಗ್ ಮಾಡಿ ಬಂದವರ ಪಕ್ಕ ಕೂತು ಈ ಭಾಗ ನೋಡಿದರೆ ಡೈಲಾಗ್ ಒಂದೂ ಕೇಳಿಸುವುದಿಲ್ಲ, ಅವರ ಕಾಮೆಂಟರಿ ಮಾತ್ರ ಕೇಳಿಸುತ್ತದೆ. ‘ಇದು ನ್ಯೂಜಿಲೆಂಡ್, ಸುಮ್ಮನೆ ನೋಡಿ’ ಎಂದು ಮೊದಲೇ ಹೇಳಿಬಿಡುವುದು ಕ್ಷೇಮ. ಭಾರತದ ಬಿಡುಗಡೆಯಲ್ಲಿ ಸೆನ್ಸಾರ್ ಮಂಡಳಿ ಕಾಶ್ಮೀರದ ಉಲ್ಲೇಖಗಳಿಗೂ ನಕ್ಷೆಗೂ ಕತ್ತರಿ ಹಾಕಿಸಿತ್ತು. ಆಗ ಚಿತ್ರಮಂದಿರದಲ್ಲಿ ನೋಡಿದವರಿಗೆ ಎಲ್ಲಿಂದ ಎಲ್ಲಿಗೆ ಬಂದರು ಎಂಬುದೇ ಸರಿಯಾಗಿ ಹಿಡಿಯದಿದ್ದರೆ ತಪ್ಪು ಅವರದ್ದಲ್ಲ.

ಅದೇ ಭಾಗದ ಅಪಾಯ ಮಾತ್ರ ಇಲ್ಲಿಯವರಿಗೆ ಬೇಗ ತಟ್ಟುತ್ತದೆ. ಬಾಂಬ್ ಸ್ಫೋಟಿಸಿ ನದಿಗಳ ಮೂಲದಲ್ಲೇ ವಿಷ ಬೆರೆಸುವುದು ಖಳರ ಲೆಕ್ಕ. ಕೆಳಗೆ ಮೂರು ದೇಶಗಳ ಜನ ಕುಡಿಯುವ ನೀರು ಅದು. ತಲಕಾವೇರಿಯ ಕುಂಡಿಕೆಯ ಮುಂದೆ ಒಮ್ಮೆಯಾದರೂ ನಿಂತವರಿಗೆ ಇದಕ್ಕೆ ವಿವರಣೆ ಬೇಡ.

ಇನ್ನೊಂದು ಸಣ್ಣ ತಕರಾರು: ಬಾಂಬಿನ ಗಡಿಯಾರ. ಬೇಕಾದಾಗ ಓಡುತ್ತದೆ, ಬೇಡವಾದಾಗ ನಿಧಾನಿಸುತ್ತದೆ. ಒಂದು ಕಡೆ ಹೆಲಿಕಾಪ್ಟರ್, ಇನ್ನೊಂದು ಕಡೆ ತಂತಿ ಕತ್ತರಿಸುವುದು, ಮತ್ತೊಂದು ಕಡೆ ಗುಡಿಸಲಿನ ಹೊಡೆದಾಟ, ಮೂರನ್ನೂ ಹೆಣೆಯುವಾಗ ನಿಮಿಷಗಳ ಲೆಕ್ಕ ಬಿಟ್ಟುಬಿಟ್ಟಿದ್ದಾರೆ. ನೋಡುವಾಗ ಗೊತ್ತಾಗುವುದಿಲ್ಲ, ಊಟಕ್ಕೆ ಕೂತಾಗ ಗೊತ್ತಾಗುತ್ತದೆ.

‘ಘೋಸ್ಟ್ ಪ್ರೊಟೊಕಾಲ್’ ಜೊತೆ ಇಟ್ಟು ನೋಡಿದರೆ

ಇದನ್ನು ನಿರ್ದೇಶಿಸಿದ ಬ್ರಾಡ್ ಬರ್ಡ್ ಇದಕ್ಕೂ ಮುಂಚೆ ಹೆಸರು ಮಾಡಿದ್ದು ಅನಿಮೇಷನ್ ಚಿತ್ರಗಳಲ್ಲಿ. ಅದರ ಗುಣ ಇಲ್ಲಿ ಎದ್ದು ಕಾಣುತ್ತದೆ: ಪ್ರತಿ ಉಪಕರಣಕ್ಕೂ ಒಂದು ನಿಯಮ, ಆ ನಿಯಮ ಮುರಿದರೆ ಒಂದು ಫಜೀತಿ. ದುಬೈನ 828 ಮೀಟರ್ ಎತ್ತರದ ಬುರ್ಜ್ ಖಲೀಫಾದ ಗಾಜಿನ ಮೇಲೆ ಹತ್ತುವ ದೃಶ್ಯವನ್ನೇ ತೆಗೆದುಕೊಳ್ಳಿ. ಕೈಗವಸಿನಲ್ಲಿ ನೀಲಿ ಬೆಳಕಿದ್ದರೆ ಅಂಟು, ಕೆಂಪಾದರೆ ಸಾವು. ಆರು ವರ್ಷದ ಮಗುವಿಗೂ ಅರ್ಥವಾಯಿತು. ಒಂದು ಕೈಯದ್ದು ಕೆಡುತ್ತದೆ, ಇಳಿಯುವಾಗ ಹಗ್ಗ ಸಾಲುವುದಿಲ್ಲ. ಮುಖವಾಡ ಮಾಡುವ ಯಂತ್ರವೂ ಕೈಕೊಟ್ಟು, ಎರಡು ಮಹಡಿಗಳಲ್ಲಿ ಎರಡು ಸುಳ್ಳು ಭೇಟಿಗಳನ್ನು ಸ್ವಂತ ಮುಖದಲ್ಲೇ ನಡೆಸಬೇಕಾಗುತ್ತದೆ. ಏಳು ವರ್ಷದ ನಂತರ ‘ಫಾಲ್‌ಔಟ್’ನ ಶೌಚಾಲಯದಲ್ಲಿ ಆದದ್ದೂ ಇದೇ ಉಪಾಯ. ಇಲ್ಲಿ ನಗು ಬರುವಂತೆ ಮಾಡಿದ್ದಾರೆ, ಅಲ್ಲಿ ನೋವಾಗುವಂತೆ.

ಕ್ರೆಮ್ಲಿನ್‌ನ ಕಾರಿಡಾರಿನ ದೃಶ್ಯ ಇನ್ನೂ ನಾಜೂಕು. ಕಾವಲುಗಾರನ ಕಣ್ಣು ಎತ್ತ ಹೊರಳಿತೋ ಅದಕ್ಕೆ ಸರಿಯಾಗಿ ಖಾಲಿ ಕಾರಿಡಾರಿನ ಚಿತ್ರ ತೋರಿಸುವ ಪರದೆ. ಒಬ್ಬ ನೋಡಿದರೆ ಸರಿ. ಇನ್ನೊಬ್ಬ ಬಂದು ಪಕ್ಕದಲ್ಲಿ ನಿಂತರೆ ಯಾರ ಕಣ್ಣನ್ನು ಹಿಂಬಾಲಿಸುವುದು ಎಂದು ಯಂತ್ರ ತಬ್ಬಿಬ್ಬು. ಒಂದು ಮಾತಿಲ್ಲದೆ ಇಡೀ ತಾಂತ್ರಿಕ ಸಮಸ್ಯೆ ತಿಳಿಯುತ್ತದೆ.

ಇದರ ದೋಷ ಖಳನಾಯಕ. ಮೈಕೆಲ್ ನಿಕ್ವಿಸ್ಟ್ ಒಳ್ಳೆಯ ನಟ, ಆದರೆ ಹೆಂಡ್ರಿಕ್ಸ್ ಎಂಬ ಪಾತ್ರಕ್ಕೆ ಮಾತೇ ಕೊಟ್ಟಿಲ್ಲ. ಅಣುಯುದ್ಧ ಬೇಕೆಂಬ ಪ್ರೊಫೆಸರ್ ಒಬ್ಬ ಕೊನೆಯ ಕೈಕೈ ಮಿಲಾಯಿಸುವಿಕೆಯಲ್ಲಿ ಈಥನ್‌ಗೆ ಸರಿಸಮ ನಿಲ್ಲುವುದು ಹೇಗೆ ಎಂದು ಕೇಳಬಾರದು. ದುಬೈ ಮುಗಿದ ಮೇಲೆ ಮುಂಬೈಗೆ ಬರುವಷ್ಟರಲ್ಲಿ ಚಿತ್ರಕ್ಕೆ ದಣಿವಾಗಿರುತ್ತದೆ. ಅನಿಲ್ ಕಪೂರ್ ಬಂದು ಹೋಗುವುದು ಬರೀ ತಮಾಷೆಗೆ. ಆದರೆ ಕನ್ನಡಿಗರಿಗೆ ಇಲ್ಲೊಂದು ಆಟವಿದೆ: ಮುಂಬೈ ಎಂದು ತೋರಿಸಿದ್ದರಲ್ಲಿ ಒಂದಷ್ಟನ್ನು ತೆಗೆದದ್ದು ಬೆಂಗಳೂರಿನಲ್ಲಿ. ಯಾವುದು ಎಲ್ಲಿ ಎಂದು ಹುಡುಕುತ್ತಾ ಕೂತರೆ ಆ ಭಾಗದ ದಣಿವು ಗೊತ್ತಾಗುವುದಿಲ್ಲ.

ಎರಡರಲ್ಲಿ ಒಂದೇ ಎಂದರೆ? ಮನೆ ತುಂಬ ಜನ ಇದ್ದರೆ ಘೋಸ್ಟ್, ನಾಲ್ಕೇ ಜನ ಇದ್ದರೆ ಫಾಲ್‌ಔಟ್.

1996ರದ್ದಕ್ಕೆ ಮಳೆ ಬಿಡಬೇಕು

ಬ್ರಯಾನ್ ಡಿ ಪಾಮಾ ನಿರ್ದೇಶನದ ಮೊದಲ ಚಿತ್ರ 110 ನಿಮಿಷ, ಸರಣಿಯಲ್ಲೇ ಚಿಕ್ಕದು. ಅದರ ಜೀವ ಇರುವುದು ಸಿಐಎ ಕಚೇರಿಯ ಕಳ್ಳತನದಲ್ಲಿ. ಆ ಬಿಳಿ ಕೋಣೆಗೆ ಮೂರು ಕಾವಲು: ಪಿಸುಮಾತಿಗಿಂತ ಹೆಚ್ಚು ಸದ್ದಾಗಬಾರದು, ಮೈಬಿಸಿಯಿಂದ ಕೋಣೆಯ ತಾಪ ಏರಬಾರದು, ನೆಲಕ್ಕೆ ಏನೂ ತಾಗಬಾರದು. ಈಥನ್ ಮೇಲಿನ ಕಿಂಡಿಯಿಂದ ಹಗ್ಗದಲ್ಲಿ ಇಳಿಯುತ್ತಾನೆ. ನೆಲಕ್ಕೆ ಇಂಚಿನ ಅಂತರದಲ್ಲಿ ದೇಹ ಸಮವಾಗಿ ನಿಲ್ಲದೆ ತಲೆ ಬಂದು ಬಡಿಯುತ್ತಿದ್ದುದರಿಂದ ಕ್ರೂಸ್ ಶೂಗಳೊಳಗೆ ನಾಣ್ಯಗಳನ್ನು ತುಂಬಿಕೊಂಡು ತೂಕ ಸರಿದೂಗಿಸಿದ. ಕನ್ನಡಕದ ಗಾಜಿನ ಮೇಲೆ ಜಾರುವ ಒಂದು ಹನಿ ಬೆವರು, ಅದನ್ನು ಹಿಡಿಯುವ ಅಂಗೈ. ದೃಶ್ಯದ ಹೆಚ್ಚಿನ ಹೊತ್ತು ಸದ್ದೇ ಇಲ್ಲ.

ಸಮಸ್ಯೆ ಅದೇ. ಶೀಟಿನ ಮಾಡಿನ ಕೆಳಗೆ ಆಷಾಢದ ಮಳೆ ಸುರಿಯುತ್ತಿರುವಾಗ ನಿಶ್ಶಬ್ದ ಎಂಬುದನ್ನು ತೋರಿಸುವುದು ಹೇಗೆ? ಮೇಲೆ ದಬದಬ, ಕೆಳಗೆ ತೆರೆಯಲ್ಲಿ ಒಬ್ಬ ಉಸಿರು ಹಿಡಿದಿದ್ದಾನೆ. ಯಾರಿಗೂ ಏನೂ ಅನಿಸುವುದಿಲ್ಲ. ಈ ಚಿತ್ರವನ್ನು ಪುತ್ತರಿ ಕಳೆದ ಮೇಲಿನ ಚಳಿಗಾಲದ ರಾತ್ರಿಗೆ ತೆಗೆದಿಡಿ.

ಕಥೆ ತೊಡಕಿನದ್ದು ಎಂಬ ದೂರು ಹಳೆಯದು, ನಿಜವೂ ಹೌದು. ತಂಡದ ನಾಯಕ ಜಿಮ್ ಫೆಲ್ಪ್ಸ್ ಒಂದು ಹೇಳುತ್ತಿದ್ದರೆ ಈಥನ್‌ನ ಕಣ್ಣಮುಂದೆ ಬೇರೆಯೇ ಚಿತ್ರಗಳು ಓಡುವ ಲಂಡನ್ ದೃಶ್ಯದಲ್ಲಿ ಕಾಫಿ ತರಲು ಎದ್ದು ಹೋದವರಿಗೆ ಮುಂದಿನದು ತಲೆಬುಡ ತಿಳಿಯದು. ಆ ಐದು ನಿಮಿಷ ಯಾರನ್ನೂ ಏಳಲು ಬಿಡಬೇಡಿ.

ಉಳಿದವು

‘ರೋಗ್ ನೇಷನ್’ (131 ನಿಮಿಷ): ವಿಯೆನ್ನಾದ ಒಪೆರಾ ರಂಗಮಂದಿರದ ದೃಶ್ಯ ಸರಣಿಯಲ್ಲೇ ಅತ್ಯಂತ ಅಚ್ಚುಕಟ್ಟು. ಹಾಡಿನ ಒಂದು ಸ್ವರಕ್ಕೆ ಸರಿಯಾಗಿ ಗುಂಡು ಹಾರಬೇಕು, ಗುರಿ ಹಿಡಿದವರು ಒಬ್ಬರಿಗಿಂತ ಹೆಚ್ಚು. ರೆಬೆಕಾ ಫರ್ಗ್ಯೂಸನ್‌ಳ ಇಲ್ಸಾ ಇಲ್ಲೇ ಮೊದಲು ಬರುವುದು, ಇಡೀ ಸರಣಿಗೆ ಒದಗಿದ ಒಳ್ಳೆಯ ಪಾತ್ರ ಅದು. ವಿಮಾನದ ಪಕ್ಕಕ್ಕೆ ನೇತಾಡುವ ಪ್ರಸಿದ್ಧ ದೃಶ್ಯ ಮೊದಲ ಐದೇ ನಿಮಿಷದಲ್ಲಿ ಮುಗಿದುಹೋಗುತ್ತದೆ, ತಡವಾಗಿ ಬಂದವರಿಗೆ ಸಿಗುವುದಿಲ್ಲ. ಅಂತ್ಯ ದೊಡ್ಡ ಸ್ಫೋಟವಿಲ್ಲದೆ ಸಪ್ಪೆ ಎನ್ನುವವರಿದ್ದಾರೆ. ಖಳನನ್ನು ಗಾಜಿನ ಪೆಟ್ಟಿಗೆಯಲ್ಲಿ ಕೂಡಿಹಾಕುವ ಆ ಅಂತ್ಯ ನಮಗೆ ಇಷ್ಟ.

ಮೂರನೆಯದು (2006): ಫಿಲಿಪ್ ಸೇಮೂರ್ ಹಾಫ್‌ಮನ್‌ಗಾಗಿ ನೋಡಬೇಕು. ಸರಣಿಯ ಖಳರ ಪೈಕಿ ಭಯ ಹುಟ್ಟಿಸುವವನು ಇವನೊಬ್ಬನೇ. ಎರಡನೆಯದು (2000): ಜಾನ್ ವೂನ ಪಾರಿವಾಳಗಳು, ನಿಧಾನಗತಿಯ ಬೈಕುಗಳು, ಲೆಕ್ಕವಿಲ್ಲದಷ್ಟು ಮುಖವಾಡಗಳು. ಬಿಟ್ಟರೆ ನಷ್ಟವಿಲ್ಲ.

‘ಡೆಡ್ ರೆಕನಿಂಗ್’ (2023, 163 ನಿಮಿಷ) ಮತ್ತು ‘ದಿ ಫೈನಲ್ ರೆಕನಿಂಗ್’ (2025, ಸುಮಾರು 2 ಗಂಟೆ 50 ನಿಮಿಷ) ಒಂದೇ ಕಥೆಯ ಎರಡು ತುಂಡು. ಮೊದಲನೆಯದರಲ್ಲಿ ರೋಮ್‌ನ ಬೀದಿಯಲ್ಲಿ ಕೈಕೋಳ ಹಾಕಿಕೊಂಡೇ ಪುಟ್ಟ ಹಳದಿ ಫಿಯೆಟ್ ಓಡಿಸುವ ಭಾಗ ಬಹಳ ಖುಷಿಯದ್ದು, ನಾರ್ವೆಯ ಬೆಟ್ಟದಿಂದ ಬೈಕ್ ಸಮೇತ ಹಾರುವುದಂತೂ ಎಲ್ಲರೂ ಜಾಹೀರಾತಿನಲ್ಲೇ ನೋಡಿದ್ದು. ಆದರೆ ಎದುರಾಳಿ ಒಂದು ಕಂಪ್ಯೂಟರ್ ಬುದ್ಧಿ. ಅದಕ್ಕೆ ಮುಖವಿಲ್ಲ, ಆದ್ದರಿಂದ ಅದು ಎಷ್ಟು ಅಪಾಯಕಾರಿ ಎಂದು ಕೋಣೆ ಕೋಣೆಗಳಲ್ಲಿ ಜನ ಸುತ್ತ ನಿಂತು ವಾಕ್ಯ ಹಂಚಿಕೊಂಡು ಹೇಳುತ್ತಲೇ ಇರುತ್ತಾರೆ. ಕೊನೆಯ ಚಿತ್ರದ ಮೊದಲ ಗಂಟೆ ಬಹುಪಾಲು ಹಳೆಯ ಚಿತ್ರಗಳ ತುಣುಕು ಮತ್ತು ವಿವರಣೆ. ಮುಳುಗಿದ ಜಲಾಂತರ್ಗಾಮಿಯೊಳಗಿನ ಮಾತಿಲ್ಲದ ಭಾಗ ಬಂದಾಗ ಮಾತ್ರ ಚಿತ್ರ ತನ್ನ ಹಳೆಯ ಕಸುಬನ್ನು ನೆನಪಿಸಿಕೊಳ್ಳುತ್ತದೆ. ಅಂದಹಾಗೆ ಇದು ಭಾರತದಲ್ಲಿ ಇಂಗ್ಲಿಷ್, ಹಿಂದಿ, ತಮಿಳು, ತೆಲುಗಿನಲ್ಲಿ ಬಂತು. ಕನ್ನಡಕ್ಕೆ ಆ ಪಟ್ಟಿಯಲ್ಲಿ ಜಾಗವಿರಲಿಲ್ಲ.

ಬ್ಯಾಟರಿ, ಶೀಟು, ಡೌನ್‌ಲೋಡ್

ಸಿಲ್ವರ್ ಓಕ್ ಕೊಂಬೆ ಲೈನ್ ಮೇಲೆ ಬಿದ್ದರೆ ಕರೆಂಟು ಬರುವುದು ಆ ರಾತ್ರಿಯ ಮಾತಲ್ಲ. 12 ವೋಲ್ಟಿನ 150 ಎಎಚ್ (ಆಂಪಿಯರ್-ಅವರ್) ಬ್ಯಾಟರಿ ಕಾಗದದ ಮೇಲೆ 1,800 ವ್ಯಾಟ್-ಅವರ್. ಲೆಡ್ ಆಸಿಡ್ ಬ್ಯಾಟರಿಯನ್ನು ಅರ್ಧಕ್ಕಿಂತ ಕೆಳಗೆ ಇಳಿಸಬಾರದು, ಇನ್ವರ್ಟರಿನಲ್ಲೂ ಒಂದಿಷ್ಟು ಸೋರುತ್ತದೆ. ಕೈಗೆ ಸಿಗುವುದು ಹೊಸದರಲ್ಲಿ 800ರ ಸುಮಾರು. 43 ಇಂಚಿನ ಎಲ್‌ಇಡಿ ಟಿವಿ, ಸೌಂಡ್‌ಬಾರ್, ಎರಡು ಬಲ್ಬು ಸೇರಿ 160 ವ್ಯಾಟ್ ಎಂದರೆ ಐದು ಗಂಟೆ, ಯಾವ ಚಿತ್ರವಾದರೂ ಆಯಿತು. ಪ್ರೊಜೆಕ್ಟರ್ ಮತ್ತು ಸ್ಪೀಕರ್ 320 ವ್ಯಾಟ್ ಎಳೆದರೆ ಎರಡೂವರೆ ಗಂಟೆ, ಅಂದರೆ 150 ನಿಮಿಷ. ‘ಘೋಸ್ಟ್’ ಆರಾಮಾಗಿ ಮುಗಿಯುತ್ತದೆ. ‘ಫಾಲ್‌ಔಟ್’ನಲ್ಲಿ ಬಾಂಬಿನ ತಂತಿ ಕತ್ತರಿಸುವ ಹೊತ್ತಿಗೇ ಇನ್ವರ್ಟರ್ ಕೂಗತೊಡಗುತ್ತದೆ. ‘ಡೆಡ್ ರೆಕನಿಂಗ್’ನ ರೈಲು ಸೇತುವೆಯಿಂದ ಜಾರುವಾಗ ಗೋಡೆ ಕಪ್ಪಾಗುತ್ತದೆ. ಬ್ಯಾಟರಿ ಹಳೆಯದಾದರೆ ಇದಕ್ಕೂ ಮುಂಚೆಯೇ. ಫ್ರಿಜ್ ಅದೇ ಲೈನಿನಲ್ಲಿದ್ದರೆ ಮೊದಲು ಅದನ್ನು ತೆಗೆಯಿರಿ. ಇನ್ವರ್ಟರಿನ ಸ್ವಿಚ್ ಯುಪಿಎಸ್ ಕಡೆಗಿರಲಿ, ಇಲ್ಲದಿದ್ದರೆ ಕರೆಂಟು ಹೋದಾಗಲೆಲ್ಲ ಟಿವಿ ಆರಿ ಮತ್ತೆ ಹತ್ತುತ್ತದೆ. ಬಲ್ಬಿನ ಪ್ರೊಜೆಕ್ಟರ್ ಆದರೆ ಫ್ಯಾನ್ ತಣ್ಣಗಾಗಿಸುವ ಮುನ್ನವೇ ಪದೇ ಪದೇ ಆರಿ ಬಲ್ಬಿನ ಆಯಸ್ಸೂ ಇಳಿಯುತ್ತದೆ.

ಶೀಟಿನ ಸದ್ದಿಗೆ ವಾಲ್ಯೂಮ್ ಏರಿಸುವುದು ಪರಿಹಾರವಲ್ಲ. ಮಳೆಯ ಸದ್ದು ಮಾತಿನ ವ್ಯಂಜನಗಳನ್ನು ನುಂಗುತ್ತದೆ, ಮಾತು ಕೇಳುವಷ್ಟು ಏರಿಸಿದರೆ ಮುಂದಿನ ಗುಂಡಿಗೆ ಮಲಗಿದ ಮಗು ಏಳುತ್ತದೆ. ಟಿವಿಯ ಸೌಂಡ್ ಮೆನುವಿನಲ್ಲಿ ನೈಟ್ ಮೋಡ್ ಅಥವಾ ಡೈಲಾಗ್ ಹೆಚ್ಚಿಸುವ ಆಯ್ಕೆ ಹಾಕಿ, ಸಬ್‌ಟೈಟಲ್ ಹಚ್ಚಿ. ‘ಫಾಲ್‌ಔಟ್’ಗೆ ಇದು ಕಡ್ಡಾಯ: ಹೆಲಿಕಾಪ್ಟರ್ ಮಳೆಯನ್ನು ಮೀರುತ್ತದೆ, ಆದರೆ ಲೇನ್ ಮಾತಾಡುವುದು ಗಂಟಲು ಕಟ್ಟಿದ ಪಿಸುದನಿಯಲ್ಲಿ, ಕಥೆಯ ಮುಖ್ಯ ಮಾತುಗಳು ಇರುವುದು ಅವನ ಬಾಯಲ್ಲಿ. ವಿಮಾನ ಜಿಗಿತದ ಭಾಗ ಬಹುಪಾಲು ಮಬ್ಬುಗತ್ತಲು, ಹಿಂದೆ ಟ್ಯೂಬ್‌ಲೈಟ್ ಉರಿಯುತ್ತಿದ್ದರೆ ಹೆಲ್ಮೆಟ್‌ನ ದೀಪ ಬಿಟ್ಟು ಏನೂ ಕಾಣದು.

ನೆಟ್ಟನ್ನು ನಂಬಬೇಡಿ, ಟವರಿನ ಬ್ಯಾಟರಿಯೂ ಮುಗಿಯುತ್ತದೆ. ಎಚ್‌ಡಿ ಗುಣಮಟ್ಟಕ್ಕೆ ಗಂಟೆಗೆ ಸುಮಾರು 3 ಜಿಬಿ ಎಂದರೆ ‘ಫಾಲ್‌ಔಟ್’ಗೆ ಏಳೂವರೆ ಜಿಬಿ. ಪೇಟೆಗೆ ಹೋದಾಗಲೇ ಇಳಿಸಿಕೊಂಡು, ಫ್ಲೈಟ್ ಮೋಡ್ ಹಾಕಿ ಒಮ್ಮೆ ತೆರೆಯುತ್ತದೆಯೇ ನೋಡಿ. ಬಾಡಿಗೆಗೆ ತೆಗೆದುಕೊಂಡದ್ದಾದರೆ ಈ ಪರೀಕ್ಷೆ ಬೇಡ, ಪ್ಲೇ ಒತ್ತಿದ ಗಳಿಗೆಯಿಂದ ಸಾಮಾನ್ಯವಾಗಿ 48 ಗಂಟೆಯ ಗಡುವು ಶುರು. ಫೋನಿಗೆ ಇಳಿಸಿದ್ದನ್ನು ಟಿವಿಗೆ ಕಾಸ್ಟ್ ಮಾಡಲು ಹೊರಟರೆ ಹಲವು ಆ್ಯಪ್‌ಗಳು ಇಳಿಸಿದ ಕಡತ ಬಿಟ್ಟು ಮತ್ತೆ ನೆಟ್ಟನ್ನೇ ಹುಡುಕುತ್ತವೆ, ಆದ್ದರಿಂದ ಎಚ್‌ಡಿಎಂಐ ಕೇಬಲ್ ಜೊತೆಗಿರಲಿ.

ಊಟಕ್ಕೆ ‘ಫಾಲ್‌ಔಟ್’ ನಿಲ್ಲಿಸುವುದಾದರೆ ಪ್ಯಾರಿಸ್ ಬಿಟ್ಟು ಲಂಡನ್‌ಗೆ ಕಾಲಿಡುವಾಗ ನಿಲ್ಲಿಸಿ. ಕಡಂಬುಟ್ಟು ಬೇಯಲು ಇಟ್ಟದ್ದು ಆ ಹೊತ್ತಿಗೆ ಇಳಿದಿರಬೇಕು. ಅಲ್ಲಿಂದ ಮುಂದೆ ಕೊನೆಯವರೆಗೆ ಎದ್ದು ಹೋಗಲು ಜಾಗವಿಲ್ಲ.